ಪುಟ್ಟ ಮಕ್ಕಳ ಕಂಪ್ಯೂಟರ್ ಕಲಿಕೆಯ ಪ್ಯಾಕೇಜ್: ಮನೆಗೆ ಬಂದವರ ಮುಂದೆ ಒಟಿಪಿ ಕೊಡಬೇಡಿ

ಎಲ್‌ಕೆಜಿ, ಯುಕೆಜಿ ಮಕ್ಕಳಿರುವ ಮನೆಗೆ ‘ಉಚಿತ ಕಂಪ್ಯೂಟರ್ ಸಾಮರ್ಥ್ಯ ಪರೀಕ್ಷೆ’ ಎಂದು ಫೋನ್ ಬಂದು, ಮರುದಿನವೇ ಟ್ಯಾಬ್ ಹಿಡಿದು ಯಾರಾದರೂ ಬಾಗಿಲಿಗೆ ಬಂದರೆ ಹೆತ್ತವರು ಎಚ್ಚರದಿಂದಿರಬೇಕು. ಮಂಗಳೂರಿನ ಬಿಜೈಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಹೀಗೇ ಆಯಿತು. ಆಮೇಲೆ ಕಾಗದಪತ್ರ ಹಿಡಿದು ಓಡಾಡಿದವನು ನಾನಾದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಬಂದ ಪ್ರತಿನಿಧಿ ನಾಲ್ಕು ವರ್ಷದ ನನ್ನ ಸೋದರಳಿಯನನ್ನು ಟ್ಯಾಬ್ ಮುಂದೆ ಕೂರಿಸಿ, ಬಣ್ಣ ಮತ್ತು ಆಕಾರಗಳ ಬಗ್ಗೆ ಇಂಗ್ಲಿಷಿನಲ್ಲಿ ಕೆಲವು ಪ್ರಶ್ನೆ ಕೇಳಿ, ಮಗು ವಯಸ್ಸಿಗಿಂತ ಹಿಂದಿದೆ ಎಂದು ತೀರ್ಪು ಕೊಟ್ಟ. ಮನೆಯಲ್ಲಿ ತುಳು, ಕನ್ನಡ ಆಡುವ ಮಗು ಇಂಗ್ಲಿಷ್ ಪ್ರಶ್ನೆಗೆ ಸ್ವಲ್ಪ ತಡವರಿಸಿದ್ದನ್ನು ಕಂಪ್ಯೂಟರ್ ಸಾಮರ್ಥ್ಯದ ಕೊರತೆ ಎಂದು ಹೇಗೆ ಲೆಕ್ಕ ಹಾಕಿದನೋ ತಿಳಿಯದು. ಪರಿಹಾರವಾಗಿ ಟ್ಯಾಬ್, ಆಟಗಳು, ಮೂರು ವರ್ಷದ ಪಾಠ, ಎಲ್ಲವೂ ತಿಂಗಳ ಕಂತಿನಲ್ಲಿ. “ಇದು ಲೋನ್ ಅಲ್ಲ ಮೇಡಂ, ಫೀಸನ್ನೇ ತಿಂಗಳು ತಿಂಗಳು ಕಟ್ಟುವುದು ಅಷ್ಟೆ” ಎಂದು ಹೇಳಿ ಪ್ಯಾನ್, ಆಧಾರ್‌ಗಳ ಫೋಟೋ ತೆಗೆದುಕೊಂಡು, ಒಟಿಪಿ ಕೇಳಿ ಪಡೆದ. ಸಂಜೆ ಹಣಕಾಸು ಸಂಸ್ಥೆಯೊಂದರಿಂದ ಸಂದೇಶ ಬಂತು: ತಂಗಿಯ ಹೆಸರಿನಲ್ಲಿ ಸಾಲ ಮಂಜೂರಾಗಿ, ಮೂರು ವರ್ಷದ ಪೂರ್ತಿ ಹಣ ಮಾರಾಟಗಾರರ ಖಾತೆಗೆ ಹೋಗಿಯಾಗಿತ್ತು.

ಇನ್ನು ಆ ಶೈಕ್ಷಣಿಕ ಆಟಗಳ ವಿಷಯ. ಎಣಿಕೆಯ ಆಟದಲ್ಲಿ ಸರಿಯುತ್ತರಕ್ಕೆ ಒಂದು ನಕ್ಷತ್ರ ಮಿನುಗುತ್ತದೆ. ತಪ್ಪುತ್ತರಕ್ಕೆ ಕೋತಿಯೊಂದು ಕೊಂಬೆಯಿಂದ ದೊಪ್ಪನೆ ಬಿದ್ದು, ತಲೆ ಕೆರೆದುಕೊಂಡು, ಹಲ್ಲು ಕಿರಿಯುತ್ತದೆ. ಮೂರು ಮಾವಿನಹಣ್ಣುಗಳನ್ನು ಬೆರಳಿಟ್ಟು ಸರಿಯಾಗಿಯೇ ಎಣಿಸಿದ ಹುಡುಗ, ನನ್ನ ಮುಖ ನೋಡಿ, ಬೇಕೆಂದೇ ಐದನ್ನು ಒತ್ತಿ, “ಮಾವ, ಈಗ ಬೀಳ್ತದೆ ನೋಡಿ” ಎಂದ. ಅವನ ದೃಷ್ಟಿಯಲ್ಲಿ ಅದೇ ಸರಿಯಾದ ಆಟ. ಕನ್ನಡ ಅಕ್ಷರಗಳ ಭಾಗದಲ್ಲಿ ‘ಳ’ಕಾರವನ್ನು ‘ಲ’ ಎಂದೇ ಉಚ್ಚರಿಸುವ ಧ್ವನಿಯಿತ್ತು. ದಿನಕ್ಕೆ ಎರಡು ಗಂಟೆಯ ವೇಳಾಪಟ್ಟಿಯನ್ನೂ ಕೊಟ್ಟಿದ್ದರು; ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಈ ವಯಸ್ಸಿನ ಮಕ್ಕಳಿಗೆ ಕುಳಿತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ.

ಮಗುವಿಗೆ ಕಂಪ್ಯೂಟರ್ ಪರಿಚಯಿಸಲು ಇಷ್ಟು ಖರ್ಚು ಬೇಕಾಗಿಯೇ ಇಲ್ಲ. ಎರಡರಿಂದ ಹತ್ತು ವರ್ಷದ ಮಕ್ಕಳಿಗಾಗಿ ರೂಪಿಸಿದ ಆಟಗಳ ತಂತ್ರಾಂಶ ಜಿಕಾಂಪ್ರಿ (GCompris), ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಎರಡೂ ಉಚಿತ. ಜಾಹೀರಾತಿಲ್ಲ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತವೆ. ಜಿಕಾಂಪ್ರಿಯ ಒಂದು ಆಟದಲ್ಲಿ ಮೌಸ್ ಆಡಿಸಿದಂತೆಲ್ಲ ಮೇಲಿನ ಚೌಕಗಳು ಅಳಿಸಿ, ಕೆಳಗಿನ ಚಿತ್ರ ತೆರೆದುಕೊಳ್ಳುತ್ತದೆ. ಕೈ ಮತ್ತು ಕಣ್ಣು ಒಟ್ಟಿಗೆ ಪಳಗಲು ಈ ವಯಸ್ಸಿಗೆ ಅಷ್ಟು ಸಾಕು, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿದ್ದರೆ.

ಪ್ಯಾಕೇಜ್ ರದ್ದು ಮಾಡಲು ಹೋದಾಗ, ಟ್ಯಾಬ್ ಚಾಲೂ ಮಾಡಿದ ಮೇಲೆ ವಾಪಸ್ ಇಲ್ಲವೆಂದು ಮಾರಿದವರೂ, ಪಾಠಕ್ಕೂ ತಮಗೂ ಸಂಬಂಧವಿಲ್ಲವೆಂದು ಸಾಲ ಕೊಟ್ಟವರೂ ಕೈತೊಳೆದುಕೊಂಡರು. ಸಿಟ್ಟಿನಿಂದ ಕಂತು ನಿಲ್ಲಿಸಿದರೆ ದಂಡ ಬೀಳುವುದಲ್ಲದೆ, ಸಾಲವನ್ನು ಸರಿಯಾಗಿ ತೀರಿಸುತ್ತೇವೆಯೇ ಎಂದು ತೋರಿಸುವ ಸಿಬಿಲ್ ಅಂಕವೂ ಇಳಿಯುತ್ತದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ, ಸಾಲದ ಮುಖ್ಯಾಂಶಗಳ ಪತ್ರವನ್ನು ಮೊದಲೇ ಕೊಡಬೇಕು. ಅಸಲು ಮತ್ತು ಆವರೆಗಿನ ಬಡ್ಡಿ, ವೆಚ್ಚವನ್ನಷ್ಟೇ ಕಟ್ಟಿ, ದಂಡವಿಲ್ಲದೆ ಹೊರಬರುವ ಅವಧಿಯೊಂದನ್ನು ಅದರಲ್ಲಿ ನಮೂದಿಸಿರಬೇಕು. ತಂಗಿಗೆ ಆ ಪತ್ರ ಕೈಸೇರುವಷ್ಟರಲ್ಲಿ ಅವಧಿ ಮುಗಿದಿತ್ತು. ಹಾಗಾಗಿ ಸಂದೇಶ ಬಂದ ದಿನವೇ ಆ ಪತ್ರವನ್ನು ಇಮೇಲ್ ಮೂಲಕ ಕೇಳಿರಿ.

ನಮಗೆ ದಾರಿಯಾದದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ದೂರು ದಾಖಲಾದ ಬಳಿಕ ಮಾರಾಟಗಾರರೇ ಫೋನ್ ಮಾಡಿ, ಒಂದಿಷ್ಟು ಹಣ ಹಿಡಿದುಕೊಂಡು, ಟ್ಯಾಬ್ ವಾಪಸ್ ಪಡೆದು ಸಾಲ ಮುಚ್ಚಲು ಒಪ್ಪಿದರು. ಒಪ್ಪದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವರಿದ್ದೆವು. ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ಸಾಲ ಮುಚ್ಚಿತು ಎಂಬ ಬಾಯಿಮಾತನ್ನು ನಂಬಿ ಟ್ಯಾಬ್ ಒಪ್ಪಿಸಬೇಡಿ. ಸಾಲ ಕೊಟ್ಟ ಸಂಸ್ಥೆಯಿಂದಲೇ ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ, ಬ್ಯಾಂಕಿನಲ್ಲಿ ಕಂತಿನ ಆಟೋ ಡೆಬಿಟ್ ರದ್ದು ಮಾಡಿಸಿ, ಕೆಲವು ವಾರ ಬಿಟ್ಟು ಸಿಬಿಲ್ ವರದಿಯಲ್ಲಿ ಆ ಸಾಲ ಮುಚ್ಚಿದೆಯೇ ಎಂದು ನೋಡಿಕೊಳ್ಳಿ.