ಯಾಶಿಕಾ ಮ್ಯಾಟ್-124ಜಿ: ಹೆಸರಿಗಿಂತ ಮೊದಲು ಬಯೊನೆಟ್ ನೋಡಿ

ಹಳೆಯ ಟಿಎಲ್‌ಆರ್ (ನೋಡಲು ಮೇಲೊಂದು, ಚಿತ್ರ ತೆಗೆಯಲು ಕೆಳಗೊಂದು ಲೆನ್ಸ್ ಇರುವ ಫಿಲ್ಮ್ ಕ್ಯಾಮೆರಾ) ಕೊಳ್ಳಲು ಹೊರಟವರು ಮೊದಲು ಕೇಳುವುದು ರೋಲೈಫ್ಲೆಕ್ಸ್ ಒಳ್ಳೆಯದೋ ಯಾಶಿಕಾ ಒಳ್ಳೆಯದೋ ಎಂದು. ಹಲವು ವರ್ಷಗಳಿಂದ ಯಾಶಿಕಾ ಮ್ಯಾಟ್-124ಜಿ ಬಳಸುತ್ತಿರುವ ನಾನು ಹೇಳುವುದಿಷ್ಟು: ಮೊದಲು ಲೆನ್ಸಿನ ಸುತ್ತ ಫಿಲ್ಟರ್ ಕೂರುವ ಬಯೊನೆಟ್ಟಿನ, ಅಂದರೆ ತಿರುಗಿಸಿ ಸಿಕ್ಕಿಸುವ ಬಳೆಯ, ಅಳತೆ ನೋಡಿ. ಕ್ಯಾಮೆರಾ ಕೊಳ್ಳುವುದು ಒಂದೇ ಸಲ. ಹುಡ್, ಫಿಲ್ಟರ್, ಕ್ಲೋಸಪ್ ಲೆನ್ಸುಗಳ ಹುಡುಕಾಟ ಮಾತ್ರ ವರ್ಷಗಟ್ಟಲೆ ನಡೆಯುತ್ತದೆ.

ಯಾಶಿಕಾ ಮ್ಯಾಟ್, ಮಿನೋಲ್ಟಾ ಆಟೊಕಾರ್ಡ್, 3.5 ಟೆಸ್ಸಾರ್ ಲೆನ್ಸಿನ ರೋಲೈಫ್ಲೆಕ್ಸ್ ಇವೆಲ್ಲದರ ಬಯೊನೆಟ್ ಅಳತೆ ಬೇ-1. ರೋಲೈಫ್ಲೆಕ್ಸ್ 3.5ಎಫ್ ಆದರೆ ಬೇ-2, 2.8ಎಫ್ ಆದರೆ ಬೇ-3. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬೇ-1 ಸಾಮಾನು ಹೆಚ್ಚು ಸಿಗುತ್ತದೆ, ಬೆಲೆಯೂ ಕಡಿಮೆ. ನಾಳೆ ಯಾಶಿಕಾ ಬಿಟ್ಟು ಆಟೊಕಾರ್ಡ್‌ಗೆ ಹೋದರೂ ಚೀಲದಲ್ಲಿರುವುದೆಲ್ಲ ಜೊತೆಗೇ ಬರುತ್ತದೆ.

ಮ್ಯಾಟ್-124ಜಿ ಸುಮಾರು ಒಂದು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಮುಖ ತುಂಬಿಕೊಂಡ ಚಿತ್ರ ಬೇಕೆಂದರೆ ಬೇ-1ರ ರೋಲೈನಾರ್-1 ಎಂಬ ಕ್ಲೋಸಪ್ ಲೆನ್ಸುಗಳ ಜೋಡಿ ಬೇಕೇ ಬೇಕು. ಅರ್ಧ ಮೀಟರಿನ ಹತ್ತಿರದವರೆಗೂ ಹೋಗಬಹುದು. ತೆಳುವಾದದ್ದು ಕೆಳಗಿನ ಲೆನ್ಸಿಗೆ, ದಪ್ಪನೆಯದು ಮೇಲಿನದಕ್ಕೆ. ದಪ್ಪನೆಯದರೊಳಗೆ ಪ್ರಿಸಂ ಇರುತ್ತದೆ. ಮೇಲಿನ ಲೆನ್ಸ್ ನೋಡುವುದಕ್ಕೂ ಕೆಳಗಿನದು ಚಿತ್ರ ತೆಗೆಯುವುದಕ್ಕೂ ಹತ್ತಿರದಲ್ಲಿ ಬೀಳುವ ವ್ಯತ್ಯಾಸವನ್ನು ಅದು ಸರಿದೂಗಿಸುತ್ತದೆ. ಹಾಗಾಗಿ ಒಂದೇ ತುಂಡು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಜೋಡಿಯಾಗಿದ್ದರಷ್ಟೇ ಉಪಯೋಗ.

ಕಪ್ಪು-ಬಿಳುಪು ಫಿಲ್ಮಿಗೆ ಹಳದಿ ಫಿಲ್ಟರ್ ಒಂದಿರಲಿ, ಮೋಡಗಳು ಎದ್ದು ಕಾಣುತ್ತವೆ. ಕ್ಯಾಮೆರಾದ ಬೆಳಕಿನ ಮೀಟರು ಲೆನ್ಸಿನ ಮೂಲಕ ಅಳೆಯುವುದಿಲ್ಲವಾದ್ದರಿಂದ ಫಿಲ್ಟರ್ ನುಂಗುವ ಬೆಳಕನ್ನು ನೀವೇ ಲೆಕ್ಕ ಹಾಕಿ ಕೊಡಬೇಕು. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಅವಸರಕ್ಕೆ ಆಗುವಂಥದ್ದಲ್ಲ: ಮೇಲಿನ ಲೆನ್ಸಿಗೆ ಹಾಕಿ ತಿರುಗಿಸಿ, ಗುರುತು ನೋಡಿಕೊಂಡು, ಅದೇ ಗುರುತಿಗೆ ಕೆಳಗೆ ಕೂರಿಸಬೇಕು.

ಇನ್ನು ಕ್ಯಾಮೆರಾ. 1970ರಲ್ಲಿ ಬಂದ ಮಾದರಿ ಇದು. 80 ಮಿ.ಮೀ. ಯಾಶಿನಾನ್ ಲೆನ್ಸಿನಲ್ಲಿ ಟೆಸ್ಸಾರ್ ರೀತಿಯ ನಾಲ್ಕು ಗಾಜುಗಳಿವೆ. ಲೆನ್ಸಿನ ಕಿಂಡಿ ಪೂರ್ತಿ ತೆರೆದ ಎಫ್ 3.5ರಲ್ಲಿ ಅಂಚುಗಳು ಮೃದು, ಎಫ್ 8ಕ್ಕೆ ಇಳಿಸಿದರೆ ಮೂಲೆಯವರೆಗೂ ಚೂಪು. ನನಗೆ ಇದು ಅತ್ಯಂತ ಪ್ರಿಯವಾಗಿರುವುದು ಯಕ್ಷಗಾನದ ಚೌಕಿಯಲ್ಲಿ. ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರಿಗೆ ಶಟರಿನ ಸದ್ದು ಕೇಳಿಸುವುದೇ ಇಲ್ಲ. ಏಳುವ ಕನ್ನಡಿ ಇಲ್ಲದ್ದರಿಂದ ಅದುರುವುದಿಲ್ಲ. ಪಟ್ಟಿಯನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದು ಹಿಡಿದರೆ 1/15 ಸೆಕೆಂಡಿನಲ್ಲೂ ಕಣ್ಣುಗಳು ಸ್ಪಷ್ಟವಾಗಿ ಬರುತ್ತವೆ. ಕ್ಲಿಕ್ಕಿಸುವ ಕ್ಷಣದಲ್ಲೂ ಮುಖ ಮೇಲಿನಿಂದ ನೋಡುವ ಫೋಕಸ್ ಗಾಜಿನ ಮೇಲೆ ಕಾಣುತ್ತಲೇ ಇರುತ್ತದೆ. ಎಡ ಬಲವಾಗಿ ಕಾಣುವುದು ಕೆಲವು ರೋಲುಗಳಲ್ಲಿ ರೂಢಿಯಾಗುತ್ತದೆ.

ಮೀಟರಿಗೆ ಬೇಕಿದ್ದ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರು ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ, ನೆಗೆಟಿವ್ ತೆಳುವಾಗುತ್ತದೆ. ಕಿವಿಯ ಮೆಷಿನ್ನಿಗೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್ಲನ್ನು ಒಂದು ರಿಂಗಿನೊಳಗೆ ಕೂರಿಸಿ ಹಾಕುತ್ತೇನೆ. ಸ್ಟಿಕ್ಕರ್ ಕಿತ್ತ ಮೇಲೆ ಕೆಲವೇ ತಿಂಗಳು ಬಾಳಿಕೆ, ಆದರೆ ಅಗ್ಗ. ಮೀಟರು ಸತ್ತಿದ್ದರೂ ಕ್ಯಾಮೆರಾ ಬಿಡಬೇಡಿ, ಶಟರಿಗೆ ಸೆಲ್ ಬೇಕಿಲ್ಲ.

ಕೊಳ್ಳುವಾಗ ಶಟರನ್ನು 1 ಸೆಕೆಂಡಿಗಿಟ್ಟು ಕೇಳಿ. ಒಳಗಿನ ಎಣ್ಣೆ ಒಣಗಿದ್ದರೆ ನಡುವೆಯೇ ನಿಲ್ಲುತ್ತದೆ. ಟಾರ್ಚ್ ಹಿಡಿದು ಲೆನ್ಸಿನೊಳಗೆ ನೋಡಿ. ಮಲೆನಾಡು, ಕರಾವಳಿಯ ತೇವದಲ್ಲಿ ಇದ್ದ ಕ್ಯಾಮೆರಾಗಳಲ್ಲಿ ಫಂಗಸ್ ಸಾಮಾನ್ಯ. ಮೇಲಿನ ಲೆನ್ಸಿನಲ್ಲಿ ಸ್ವಲ್ಪ ಇದ್ದರೆ ನಡೆದೀತು, ಕೆಳಗಿನದರಲ್ಲಿ ಇದ್ದರೆ ಬೇಡ. ಹಿಂಬದಿ ತೆರೆದು, ಫಿಲ್ಮನ್ನು ಒತ್ತುವ ಫಲಕ 120 ನಂಬರಿನ ಫಿಲ್ಮಿಗೆ ಹೊಂದಿಸಿದೆಯೇ ನೋಡಿಕೊಳ್ಳಿ. ಸೆಲ್ಫ್ ಟೈಮರಿನ ಸನ್ನೆ ಮಾತ್ರ ಮುಟ್ಟಬೇಡಿ. ಹಳೆಯದಾದ ಅದು ಸಿಕ್ಕಿಹಾಕಿಕೊಂಡರೆ ಇಡೀ ಶಟರೇ ನಿಂತುಬಿಡಬಹುದು.