ರೇಕಾರ್ 320ಆರ್: ಹಳೆಯ ಔಟ್‌ಬೋರ್ಡಿಗೆ ಹಾಕಬೇಕಾದ ಫಿಲ್ಟರ್ ಹೌದು, ಔಷಧಿ ಅಲ್ಲ

ಮೊದಲೇ ಹೇಳಿಬಿಡುವುದು ವಾಸಿ: ಪೆಟ್ರೋಲಿನಿಂದ ಕಸವನ್ನೂ ನೀರನ್ನೂ ಬೇರ್ಪಡಿಸುವ ಈ ಫಿಲ್ಟರ್ ಒಳ್ಳೆಯದು, ಕೊಳ್ಳಿ. ಆದರೆ "ಇಂಜಿನ್ ಎಳೀತಿಲ್ಲ, ಫುಲ್ ಥ್ರಾಟಲ್ ಕೊಟ್ರೆ ಕೂತುಬಿಡುತ್ತೆ" ಅಂತ ಕೊಳ್ಳುವುದಾದರೆ ಸ್ವಲ್ಪ ತಡೆಯಿರಿ. ಹತ್ತಿಪ್ಪತ್ತು ವರ್ಷ ಓಡಿದ ಟೂ-ಸ್ಟ್ರೋಕ್ ಔಟ್‌ಬೋರ್ಡಿನಲ್ಲಿ (ದೋಣಿಯ ಹಿಂಬದಿಗೆ ಹೊರಗೆ ತಗುಲಿಸುವ ಇಂಜಿನ್) ಆ ಕಾಯಿಲೆಯ ಮೂಲ ಬಹುತೇಕ ಬೇರೆ ಕಡೆ ಇರುತ್ತದೆ. ಅದನ್ನು ಹಾಗೇ ಬಿಟ್ಟು ಫಿಲ್ಟರ್ ಕೂರಿಸಿದರೆ, ಗಾಳಿ ಎಳೆಯಬಹುದಾದ ಜಾಯಿಂಟು ಇನ್ನೆರಡು ಹೆಚ್ಚಾದವು, ಅಷ್ಟೇ.

ಇದು ಪಾರ್ಕರ್ ಕಂಪನಿಯ ರೇಕಾರ್ ಬ್ರಾಂಡಿನ ಮಾಲು. ಪೂರ್ತಿ ನಂಬರ್ 320ಆರ್-ಆರ್‌ಎಸಿ-01. ಮೇಲೆ ಲೋಹದ ತಲೆ, ಮಧ್ಯೆ ತಿರುಗಿಸಿ ಕೂರಿಸುವ ಎಸ್3227 ಎಲಿಮೆಂಟ್ (ಸೋಸುವ ಭಾಗ, 10 ಮೈಕ್ರಾನ್), ಕೆಳಗೆ ಪಾರದರ್ಶಕ ಬಟ್ಟಲು, ಅದರ ತಳದಲ್ಲಿ ಡ್ರೇನ್. ಗಂಟೆಗೆ 227 ಲೀಟರ್ ಹರಿಯಲು ಬಿಡುತ್ತದೆ. 40 ಎಚ್‌ಪಿ ಟೂ-ಸ್ಟ್ರೋಕ್ ಫುಲ್ ಥ್ರಾಟಲ್‌ನಲ್ಲಿ ಕುಡಿಯುವುದು ಗಂಟೆಗೆ 20 ಲೀಟರ್ ಆಸುಪಾಸು. ಹಾಗಾಗಿ ಹೊಸ ಫಿಲ್ಟರಿನಿಂದ ಇಂಜಿನ್ನಿಗೆ ಪೆಟ್ರೋಲ್ ಸಾಲದೆ ಹೋಗುವ ಮಾತಿಲ್ಲ. ಆರ್ಡರ್ ಮಾಡುವಾಗ ಕೊನೆಯ ಎರಡು ಅಂಕಿ ನೋಡಿಕೊಳ್ಳಿ. 01ಕ್ಕೆ ಪ್ಲಾಸ್ಟಿಕ್ ಬಟ್ಟಲು, ಅದು ತೆರೆದ ಜಾಗದ ಔಟ್‌ಬೋರ್ಡಿಗೆ ಮಾತ್ರ. ದೋಣಿಯೊಳಗೆ ಮುಚ್ಚಿದ ಇಂಜಿನ್ ಕೋಣೆ ಇದ್ದರೆ ಲೋಹದ ಬಟ್ಟಲಿನ 02 ಬೇಕು. ಬೆಂಕಿ ಬಿದ್ದರೆ ಪ್ಲಾಸ್ಟಿಕ್ ಕರಗಿ ಪೆಟ್ರೋಲ್ ಸುರಿಯುತ್ತದೆ.

ಬೆಂಗಳೂರಿನವರಿಗೆ ಈ ಫಿಲ್ಟರ್ ಈಗ ಹೆಚ್ಚು ಬೇಕಾಗಿರುವುದಕ್ಕೆ ಕಾರಣ ಇ20, ಅಂದರೆ 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿ 6ರಂದು ಅದು ಬಿಡುಗಡೆಯಾದದ್ದೇ ಇದೇ ಊರಿನಲ್ಲಿ, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಬಂಕಿನಲ್ಲಿ ಸಾದಾ ಪೆಟ್ರೋಲ್ ಅಂದರೆ ಅದೇ. ಯಮಾಹಾ, ಮರ್ಕ್ಯುರಿಯಂಥ ಔಟ್‌ಬೋರ್ಡ್ ತಯಾರಕರು ಒಪ್ಪುವ ಎಥೆನಾಲ್ ಮಿತಿ 10 ಶೇಕಡಾ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಗೋಂದನ್ನು ಸಡಿಲಿಸಿ ಪೈಪಿಗೆ ತಳ್ಳುತ್ತದೆ. ಮೊದಲ ಒಂದೆರಡು ಟ್ಯಾಂಕಿನಲ್ಲೇ ಎಲಿಮೆಂಟ್ ಕಟ್ಟಿಕೊಂಡರೆ ಫಿಲ್ಟರನ್ನು ಬೈಯಬೇಡಿ, ಅದು ತನ್ನ ಕೆಲಸ ಮಾಡಿದೆ.

ಇದರ ಮಿತಿಯೂ ಅಲ್ಲೇ ಇದೆ. ಬೇರೆಯಾಗಿ ನಿಂತ ನೀರನ್ನು ಇದು ಹಿಡಿಯುತ್ತದೆ. ಎಥೆನಾಲ್ ಜೊತೆ ಕರಗಿ ಹೋದ ನೀರನ್ನು ಹಿಡಿಯುವುದಿಲ್ಲ, ಬಟ್ಟಲು ಸ್ವಚ್ಛವಾಗಿಯೇ ಕಾಣುತ್ತದೆ. ಮುಚ್ಚಳದ ಸಂದಿಯಿಂದ ಮಳೆನೀರೋ ಹಿನ್ನೀರೋ ಇಳಿದು ಮಿತಿ ಮೀರಿದಾಗ ಎಥೆನಾಲೂ ನೀರೂ ಒಟ್ಟಿಗೆ ತಳಕ್ಕೆ ಇಳಿದುಬಿಡುತ್ತವೆ. ಟೂ-ಸ್ಟ್ರೋಕಿಗೆ ಇದೇ ಯಮ: ಪೆಟ್ರೋಲಿಗೆ ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಟ್ಯಾಂಕಿನ ಪಿಕಪ್ ಪೈಪು ಹೀರುವುದು ಎಣ್ಣೆಯಿಲ್ಲದ ತಳವನ್ನು. ಪುಟ್ಟ ಬಟ್ಟಲು ತುಂಬಿದ ಮೇಲೆ ಉಳಿದದ್ದು ನೇರ ಕಾರ್ಬುರೇಟರಿಗೆ. ಅಂಥ ಟ್ಯಾಂಕನ್ನು ಅಲ್ಲಾಡಿಸಿದರೂ ಅಡಿಟಿವ್ ಸುರಿದರೂ ಮತ್ತೆ ಸರಿಯಾಗುವುದಿಲ್ಲ. ತಳ ಮಾತ್ರ ಚೆಲ್ಲಿ ಮೇಲಿನದನ್ನು ಬಳಸೋಣ ಅನ್ನುವವರಿದ್ದಾರೆ. ಎಥೆನಾಲ್ ಹೋದ ಪೆಟ್ರೋಲಿನ ಆಕ್ಟೇನ್ ಇಳಿದಿರುತ್ತದೆ, ಅದೂ ಬೇಡ.

ಆದ್ದರಿಂದ ಫಿಲ್ಟರಿಗೆ ಮುಂಚೆ ಗಾಜಿನ ಜಾಡಿ. ಟ್ಯಾಂಕಿನ ತಳದಿಂದ ಸುಮಾರು 100 ಮಿ.ಲೀ. ತೆಗೆದು ಕಾಲು ಗಂಟೆ ಅಲ್ಲಾಡಿಸದೆ ಇಡಿ, ಪದರ ಬೇರೆಯಾದರೆ ಬರಿಗಣ್ಣಿಗೇ ಕಾಣುತ್ತದೆ. ಎಥೆನಾಲ್ ಎಷ್ಟಿದೆ ಅಂತ ತಿಳಿಯಬೇಕೆ? ಅಳತೆ ಗುರುತಿರುವ ಸಿಲಿಂಡರಿನಲ್ಲಿ ಎಣ್ಣೆ ಬೆರೆಸದ ಪೆಟ್ರೋಲ್ 90 ಮಿ.ಲೀ., ನೀರು 10 ಮಿ.ಲೀ. ಹಾಕಿ ಕುಲುಕಿ ನಿಲ್ಲಿಸಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. 28ರ ಹತ್ತಿರ ಏರಿದರೆ ಇ20. ದುಬಾರಿ ಪ್ರೀಮಿಯಂ ಪೆಟ್ರೋಲನ್ನೂ ಬೋರ್ಡು ನೋಡಿ ನಂಬುವ ಬದಲು ಹೀಗೆ ನೋಡಿಯೇ ತುಂಬಿಸಿ.

ಇನ್ನು ಇಂಜಿನ್ ಕೂರುವುದರ ಮೂಲ ಹುಡುಕುವುದು. ಬೇರೆ ಟ್ಯಾಂಕು, ಹೊಸ ಪೈಪು, ತಾಜಾ ಪೆಟ್ರೋಲ್, ಈ ಮೂರನ್ನೂ ತಂದು ನೇರ ಇಂಜಿನ್ನಿಗೆ ಕೊಡಿ. ಸರಿ ಓಡಿತೋ, ತೊಂದರೆ ದೋಣಿಯ ಕಡೆ ಇದೆ. ಓಡಲಿಲ್ಲವೋ, ಇಂಜಿನ್ ಕವರಿನ ಒಳಗಿದೆ. ಈ ಪರೀಕ್ಷೆ ನೀರಿನ ಮೇಲೆ, ಭಾರ ಬಿದ್ದಾಗಲೇ ಆಗಬೇಕು. ಶೆಡ್ಡಿನಲ್ಲಿ ಡ್ರಮ್ಮಿಗೆ ಇಳಿಸಿ ಐಡ್ಲಿಂಗ್ ನೋಡಿ "ಸರಿಯಾಯ್ತು ಸಾರ್" ಅನ್ನುವ ಮೆಕ್ಯಾನಿಕ್ಕಿನ ಮಾತಿಗೆ ಬೆಲೆಯಿಲ್ಲ.

ಇಂಜಿನ್ ಕೂರುತ್ತಿರುವಾಗಲೇ ಪ್ರೈಮರ್ ಬಲ್ಬನ್ನು (ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಕೈಪಂಪು) ಹಿಚುಕಿ. ಮತ್ತೆ ಎಳೆಯತೊಡಗಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಹಿಚುಕಿದರೂ ಏನೂ ಬದಲಾಗದಿದ್ದರೆ ಕಾರ್ಬುರೇಟರ್ ಅಥವಾ ಇಗ್ನಿಷನ್ ಕಡೆ ತಿರುಗಿ. ಬಲ್ಬ್ ತಾನೇ ಚಪ್ಪಟೆಯಾಗಿ ಒಳಗೆ ಹೋಗಿದ್ದರೆ ಅದಕ್ಕಿಂತ ಹಿಂದೆ ಎಲ್ಲೋ ಅಡ್ಡಿ ಇದೆ: ಟ್ಯಾಂಕ್ ಮುಚ್ಚಳದ ವೆಂಟ್ ತೆರೆದಿಲ್ಲ (ನಗಬೇಡಿ, ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದೇ), ಪಿಕಪ್ ಜಾಲರಿ ಕಟ್ಟಿದೆ, ಕೂರಿಸಿದ ಟ್ಯಾಂಕಾದರೆ ಆಂಟಿ-ಸೈಫನ್ ವಾಲ್ವ್ (ಪೆಟ್ರೋಲ್ ತಾನಾಗಿ ಹರಿದು ಹೋಗದಂತೆ ತಡೆಯುವುದು) ಹಿಡಿದಿದೆ, ಇಲ್ಲವೇ ಪೈಪಿನ ಒಳಪದರ ಕಿತ್ತು ಬಂದಿದೆ. ಕೊನೆಯದು ಮಹಾ ಕಳ್ಳ. ಹೊರಗಿನಿಂದ ಪೈಪು ಚೆನ್ನಾಗಿಯೇ ಕಾಣುತ್ತದೆ, ಇಂಜಿನ್ ಜೋರಾಗಿ ಎಳೆದಾಗ ಮಾತ್ರ ಒಳಪದರ ಮುಚ್ಚಿಕೊಳ್ಳುತ್ತದೆ. ಬಲ್ಬ್ ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಗಾಳಿ ಸೋರಿಕೆ, ಬಲ್ಬಿನ ಚೆಕ್ ವಾಲ್ವ್ ಅಥವಾ ಕಾರ್ಬುರೇಟರಿನ ಸರಿಯಾಗಿ ಮುಚ್ಚದ ಫ್ಲೋಟ್ ನೀಡಲ್. ಒತ್ತುವಾಗ ಬಲ್ಬಿನ ಮೇಲಿನ ಬಾಣದ ಗುರುತು ಮೇಲ್ಮುಖವಾಗಿರಲಿ.

ಅನುಮಾನಕ್ಕೆ ಜಾಗ ಬೇಡವೆಂದರೆ ವ್ಯಾಕ್ಯೂಮ್ ಗೇಜ್, ಪೈಪಿನೊಳಗಿನ ಎಳೆತವನ್ನು ಪಾದರಸದ ಇಂಚಿನಲ್ಲಿ ತೋರಿಸುವ ಮಾಪಕ. ಇಂಜಿನ್ ಪಂಪಿಗೆ ಸ್ವಲ್ಪ ಮೊದಲು ಟಿ-ಜಾಯಿಂಟ್ ಹಾಕಿ, ಪಕ್ಕದಲ್ಲಿ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿ. ಫುಲ್ ಥ್ರಾಟಲ್‌ನಲ್ಲಿ ಗೇಜ್ 2ರಿಂದ 2.5 ಇಂಚು ಪಾದರಸ ದಾಟಬಾರದು. ದಾಟಿದರೆ ಒಂದೊಂದೇ ಭಾಗ ಬೈಪಾಸ್ ಮಾಡುತ್ತಾ ಟ್ಯಾಂಕಿನ ಕಡೆ ಹೋಗಿ; ಎಲ್ಲಿ ಬೈಪಾಸ್ ಮಾಡಿದಾಗ ಮುಳ್ಳು ಇಳಿಯಿತೋ ಅಡ್ಡಿ ಅಲ್ಲೇ. ಮುಳ್ಳು ಏರದೆ ಪೈಪಿನಲ್ಲಿ ಗುಳ್ಳೆ ಓಡಿದರೆ ಗಾಳಿ ಸೋರಿಕೆ. ಪರೀಕ್ಷೆ ಮುಗಿದ ಮೇಲೆ ಆ ಪಾರದರ್ಶಕ ಪೈಪನ್ನು ಮರೆಯದೆ ತೆಗೆಯಿರಿ.

ಪಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಡಯಾಫ್ರಮ್ (ಒಳಗಿನ ತೆಳು ಪೊರೆ) ಬಿಚ್ಚಿ ಬೆಳಕಿಗೆ ಹಿಡಿಯಿರಿ, ಗಡುಸಾಗಿದ್ದರೆ ಅಥವಾ ಸೂಜಿ ರಂಧ್ರ ಕಂಡರೆ ಗ್ಯಾಸ್ಕೆಟ್ ಸಮೇತ ಬದಲಿಸಿ. ಕಾರ್ಬುರೇಟರಿನ ಜೆಟ್ಟಿಗೆ (ಪೆಟ್ರೋಲ್ ಹಾಯುವ ಅಳತೆಯ ಸಣ್ಣ ತೂತು) ಉಕ್ಕಿನ ತಂತಿ ಹಾಕಬೇಡಿ, ಗಾಳದ ನೈಲಾನ್ ದಾರ ಸಾಕು. ಎರಡು ಕಾರ್ಬುರೇಟರ್ ಇದ್ದು ಒಂದರ ಪ್ಲಗ್ ಮಾತ್ರ ಬಿಳಿಚಿದ್ದರೆ ದೋಣಿ ಅಲ್ಲೇ ನಿಲ್ಲಿಸಿ. ಆ ಸಿಲಿಂಡರಿಗೆ ಪೆಟ್ರೋಲೂ ಕಡಿಮೆ, ಅದರ ಜೊತೆ ಹೋಗಬೇಕಾದ ಎಣ್ಣೆಯೂ ಕಡಿಮೆ.

ಬೆಂಗಳೂರಿಗೇ ಸಂಬಂಧಪಟ್ಟ ಎಚ್ಚರಿಕೆ ಇನ್ನೊಂದಿದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಗಾಳಿ ತೆಳು, ಅದೇ ಜೆಟ್ಟಿನಲ್ಲಿ ಇಂಜಿನ್ ಇಲ್ಲಿ ಸ್ವಲ್ಪ ರಿಚ್ (ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಹೆಚ್ಚು) ಓಡುತ್ತದೆ, ಹತ್ತರಲ್ಲೊಂದು ಪಾಲು ಶಕ್ತಿಯೂ ಕಮ್ಮಿ. ಆರ್‌ಎಕ್ಸ್ 100 ಬೈಕ್ ಬಿಚ್ಚಿ ಪಳಗಿದ ಕೈ ಅದನ್ನು ಕೇಳಿ ಜೆಟ್ ಸಣ್ಣದು ಮಾಡಿ, ಸ್ಕ್ರೂ ತಿರುಗಿಸಿ "ಸಾಫ್" ಮಾಡಿಬಿಡುತ್ತದೆ. ಅದೇ ದೋಣಿ ಟ್ರೈಲರ್ ಮೇಲೆ ಮಲ್ಪೆಗೋ ಕಾರವಾರಕ್ಕೋ ಇಳಿದರೆ ದಪ್ಪ ಗಾಳಿಗೆ ಲೀನ್ (ಪೆಟ್ರೋಲ್ ಕಡಿಮೆ) ಆಗಿ ಪಿಸ್ಟನ್ ಹಿಡಿಯುತ್ತದೆ. ಮೇನ್ ಜೆಟ್ ಮ್ಯಾನ್ಯುಯಲ್‌ನಲ್ಲಿ ಇರುವುದೇ ಇರಲಿ. ಎಣ್ಣೆ ವಿಷಯದಲ್ಲೂ ಬೈಕಿನ 2ಟಿ ಬೇಡ, ಔಟ್‌ಬೋರ್ಡಿಗೆಂದೇ ಇರುವ ಟಿಸಿ-ಡಬ್ಲ್ಯು3 ಗುರುತು ಬರೆದದ್ದೇ ಬೇಕು. 50:1 (50 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ) ಇಂಜಿನ್ನಾದರೆ 24 ಲೀಟರಿಗೆ 480 ಮಿ.ಲೀ.

ಕೂರಿಸುವ ಕ್ರಮ: ಟ್ಯಾಂಕ್, ಫಿಲ್ಟರ್, ಬಲ್ಬ್, ಇಂಜಿನ್. ಹೀಗಿದ್ದರೆ ಎಲಿಮೆಂಟ್ ಕಟ್ಟಿದಾಗ ಬಲ್ಬ್ ಚಪ್ಪಟೆಯಾಗಿ ತಾನೇ ಹೇಳುತ್ತದೆ. ಆದರೆ ಈ ಜಾಗದಲ್ಲಿ ಫಿಲ್ಟರ್ ಯಾವಾಗಲೂ ಎಳೆತದಲ್ಲಿರುವುದರಿಂದ, ಸಡಿಲ ಜಾಯಿಂಟು ಹನಿ ಕಾಣಿಸದೆ ಗಾಳಿ ಎಳೆಯುತ್ತದೆ. ಅದಕ್ಕೆ ಹೊಸದಾಗಿ ಜೋಡಿಸಿದ ದಿನ ಬಲ್ಬನ್ನು ತಾತ್ಕಾಲಿಕವಾಗಿ ಟ್ಯಾಂಕಿನ ಕಡೆ ಹಾಕಿ ಗಟ್ಟಿಯಾಗುವ ತನಕ ಒತ್ತಿ; ಸೋರುವ ಕಡೆ ಹನಿ ಮೂಡುತ್ತದೆ. ದಾರಗಳಿಗೆ ಪೆಟ್ರೋಲ್ ತಡೆಯುವ ಸೀಲೆಂಟ್ ಬಳಸಿ. ಪ್ಲಂಬರ್ ಟೇಪಿನ ಚೂರು ಜೆಟ್ಟಿನಲ್ಲಿ ಸಿಕ್ಕಿಕೊಂಡರೆ ಹೊಸ ತಲೆನೋವು. ಗ್ಯಾಸ್ಕೆಟ್ಟಿಗೆ ತೆಳುವಾಗಿ ಎಣ್ಣೆ ಸವರಿ, ಎಲಿಮೆಂಟನ್ನು ಕೈಯಲ್ಲೇ ಬಿಗಿ ಮಾಡಿ. ಡ್ರೇನ್ ಮಾಡಲು ಕೆಳಗೆ ಒಂದು ಜಾಡಿ ಹಿಡಿಯುವಷ್ಟು ಜಾಗ ಬಿಡಿ, ಬ್ಯಾಟರಿ ಪಕ್ಕ ಬೇಡ.

ಬೆಲೆ ಚುರುಕಾಗಿಯೇ ಇದೆ, ಎಲಿಮೆಂಟು ಆಮದಿನದ್ದು. ಹಾಗಂತ ಜೆ.ಸಿ. ರಸ್ತೆಯಲ್ಲಿ ಸಿಗುವ ಲಾರಿಯ ಡೀಸೆಲ್ ಸೆಪರೇಟರ್ ತಂದು ಹಾಕಬೇಡಿ, ಅದು ಪೆಟ್ರೋಲಿಗೆ ಮಾಡಿದ್ದಲ್ಲ. ಬೈಕಿನ ಪುಟ್ಟ ಪ್ಲಾಸ್ಟಿಕ್ ಫಿಲ್ಟರ್ ಈ ಹರಿವಿಗೆ ಸಾಲದು. ಸ್ಟೇನ್‌ಲೆಸ್ ಕ್ಲಿಪ್ಪು, ಗೇಜ್, ಟಿ-ಜಾಯಿಂಟ್ ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆಯಲ್ಲೇ ನೋಡಿ. ಪೈಪು ಮಾತ್ರ ಮೈಮೇಲೆ ದೋಣಿಯ ಪೆಟ್ರೋಲ್ ಪೈಪಿನ ಮಾನದಂಡವಾದ ಎಸ್‌ಎಇ ಜೆ1527 ಎಂದು ಅಚ್ಚಾಗಿರುವುದನ್ನೇ ಕೇಳಿ. ಒಳ ಅಳತೆ ಹಳೆಯ ಪೈಪಿನಷ್ಟೇ ಇರಲಿ, ಸಣ್ಣದಾಗಬಾರದು. ಫಿಲ್ಟರ್ ತರಿಸುವಾಗಲೇ ಎಸ್3227 ಒಂದು ಹೆಚ್ಚಿಗೆ ತರಿಸಿ ದೋಣಿಯಲ್ಲೇ ಇಡಿ. ಶರಾವತಿ ಹಿನ್ನೀರಿನ ನಡುವೆ ಎಲಿಮೆಂಟ್ ಕಟ್ಟಿಕೊಂಡರೆ ಯಾವ ಅಂಗಡಿಯೂ ಹತ್ತಿರವಿಲ್ಲ.