ಹಾಸನದ ಡಿಟಿಪಿ ಅಂಗಡಿಯಲ್ಲಿ ಹನ್‌ಸ್ಪೆಲ್: ನಾಲ್ಕು ವರ್ಷ ಬಳಸಿದ ಮೇಲೆ

ಹಾಸನದ ಬಿ.ಎಂ. ರಸ್ತೆಯ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ಮಹಾಸಭೆ ವರದಿ, ಆಗಾಗ ಒಂದು ಪಿಎಚ್‌ಡಿ ಪ್ರಬಂಧ. ಇರುವ ಎರಡು ಕಂಪ್ಯೂಟರ್‌ಗಳಲ್ಲೂ ಲಿನಕ್ಸ್. ವರದಿ ಮಾಡುವುದು ಲಿಬ್ರೆಆಫೀಸ್‌ನಲ್ಲಿ, ಗಿರಾಕಿಗಳ ಮೇಲ್ ಥಂಡರ್‌ಬರ್ಡ್‌ನಲ್ಲಿ, ವೆಬ್ ಕೆಲಸ ಫೈರ್‌ಫಾಕ್ಸ್‌ನಲ್ಲಿ, ಕಚ್ಚಾ ಪಠ್ಯ ಜಿಎಡಿಟ್‌ನಲ್ಲಿ. ತಪ್ಪು ಕಾಗುಣಿತ ಹಿಡಿದುಕೊಡುವ ಹನ್‌ಸ್ಪೆಲ್ ಎಂಬ ತಂತ್ರಾಂಶದ ಮೂಲಕ ಈ ನಾಲ್ಕಕ್ಕೂ ಒಂದೇ ಕನ್ನಡ ಪದಕೋಶ ಹೊಂದಿಸಿಕೊಂಡು ನಾಲ್ಕು ವರ್ಷ ಆಯಿತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಯಾಕೆ ಕೊಡಲಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ಮೊದಲು ನನ್ನ ಪಾಡು ಹೀಗಿತ್ತು: ‘ಸಕಲೇಶಪುರ’ ಎಂಬ ಒಂದು ಪದವನ್ನು ನಾಲ್ಕು ಕಡೆ ಕಲಿಸಬೇಕು. ಲಿಬ್ರೆಆಫೀಸ್‌ನಲ್ಲಿ ‘ಪದಕೋಶಕ್ಕೆ ಸೇರಿಸು’ ಒತ್ತಿದರೆ ಅದು ತನ್ನ ಸ್ಟ್ಯಾಂಡರ್ಡ್ ಪಟ್ಟಿಗೆ ಬರೆದುಕೊಳ್ಳುತ್ತದೆ. ಫೈರ್‌ಫಾಕ್ಸ್ ತನ್ನ ಪ್ರೊಫೈಲ್ ಒಳಗಿನ ಪರ್ಸ್‌ಡಿಕ್ಟ್ ಎಂಬ ಕಡತಕ್ಕೆ ಬರೆಯುತ್ತದೆ, ಥಂಡರ್‌ಬರ್ಡ್‌ಗೆ ಅದೇ ಹೆಸರಿನದು ಬೇರೆ ಇದೆ. ಜಿಎಡಿಟ್ ಎನ್‌ಚಾಂಟ್ ಎಂಬ ನಡುವಿನ ತಂತ್ರಾಂಶದ ಮೂಲಕ ಹೋಗುವುದರಿಂದ ಅದರ ಪಟ್ಟಿ ಮತ್ತೊಂದು ಮೂಲೆಯಲ್ಲಿ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ.

ವಿಚಿತ್ರವೆಂದರೆ ಈ ನಾಲ್ಕೂ ಒಳಗೆ ನಂಬಿರುವುದು ಒಂದೇ ಹನ್‌ಸ್ಪೆಲ್ ಅನ್ನು. ಎನ್‌ಚಾಂಟ್ ಕೂಡ ಕೊನೆಗೆ ಪದವನ್ನು ಅದರ ಕೈಗೇ ಕೊಡುತ್ತದೆ. ಹಂಗೇರಿಯ ಲಾಸ್ಲೋ ನೇಮೆತ್ ತಮ್ಮ ಭಾಷೆಗಾಗಿ, ಮೈಸ್ಪೆಲ್ ಎಂಬ ಹಳೆಯ ಕಾಗುಣಿತ ತಂತ್ರಾಂಶದ ಮೇಲೆ ಕಟ್ಟಿದ್ದು ಇದು. 2006ರಲ್ಲಿ ಲಿಬ್ರೆಆಫೀಸ್‌ನ ಪೂರ್ವಜ ಓಪನ್‌ಆಫೀಸ್ ಇದನ್ನು ಒಳಗೆ ತೆಗೆದುಕೊಂಡಿತು. ಹಂಗೇರಿಯನ್ನೂ ನಮ್ಮ ಕನ್ನಡದ ಹಾಗೆ ಪದದ ಬೆನ್ನಿಗೆ ಪ್ರತ್ಯಯ ಪೋಣಿಸುತ್ತಾ ಹೋಗುವ ಭಾಷೆ. ಮೈಸ್ಪೆಲ್‌ಗೆ ಕನ್ನಡದಂಥ ಲಿಪಿಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿ ಬರುತ್ತಿರಲಿಲ್ಲ, ಹನ್‌ಸ್ಪೆಲ್‌ಗೆ ಬರುತ್ತದೆ. ಇವೆರಡು ಇಲ್ಲದಿದ್ದರೆ ಕನ್ನಡಕ್ಕೆ ಇದು ಒದಗುತ್ತಲೇ ಇರಲಿಲ್ಲ.

ಒಂದು ಭಾಷೆಗೆ ಎರಡು ಕಡತ ಸಾಕು. ಡಿಐಸಿ ಕಡತದಲ್ಲಿ ಪದಗಳು, ಎಎಫ್‌ಎಫ್ ಕಡತದಲ್ಲಿ ಪ್ರತ್ಯಯದ ನಿಯಮಗಳು. ಎರಡೂ ಬರೀ ಪಠ್ಯ, ಯಾವ ಎಡಿಟರ್‌ನಲ್ಲಾದರೂ ತೆರೆದು ತಿದ್ದಬಹುದು. ಇವನ್ನು ‘ಯುಎಸ್‌ಆರ್’ ಕೆಳಗಿನ ‘ಶೇರ್’ ಒಳಗೆ ‘ಹನ್‌ಸ್ಪೆಲ್’ ಫೋಲ್ಡರ್‌ನಲ್ಲಿ ಇಟ್ಟರೆ ವ್ಯವಸ್ಥೆಯ ಜೊತೆ ಬಂದ ತಂತ್ರಾಂಶಗಳೆಲ್ಲ ಅಲ್ಲಿಂದಲೇ ಓದುತ್ತವೆ. ಹಳೆಯ ಬರಹಗಳಲ್ಲಿ ‘ಮೈಸ್ಪೆಲ್’ ಫೋಲ್ಡರ್ ಎಂದು ಕಂಡರೆ ಗಲಿಬಿಲಿ ಬೇಡ. ಫೆಡೋರಾ ಎಂಬ ಲಿನಕ್ಸ್ 2022ರ 36ನೇ ಆವೃತ್ತಿಯಲ್ಲಿ ಹೆಸರು ಬದಲಿಸಿತು.

ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ಎಎಫ್‌ಎಫ್ ಕಡತ. ನಮ್ಮ ಕಡೆಯ ಊರುಗಳನ್ನೇ ನೋಡಿ: ಬೇಲೂರು, ಆಲೂರು, ಕಡೂರು, ಬೀರೂರು, ಚಿಕ್ಕಮಗಳೂರು. ‘ಪದ “ರು” ಎಂದು ಮುಗಿದರೆ ಕೊನೆಯ ಉಕಾರ ತೆಗೆದು “ಇನಲ್ಲಿ” ಹಾಕು, “ಇಗೆ” ಹಾಕು, “ಇನಿಂದ” ಹಾಕು’ ಎಂದು ಒಮ್ಮೆ ಬರೆದರೆ ಸಾಕು. ಬೇಲೂರಿನಲ್ಲಿ, ಕಡೂರಿಗೆ, ಚಿಕ್ಕಮಗಳೂರಿನಿಂದ ಎಲ್ಲವೂ ಒಪ್ಪಿಗೆಯಾಗುತ್ತವೆ. ಕಡತದಲ್ಲಿ ಆ ಗುಣಿತದ ಗುರುತುಗಳು ವ್ಯಂಜನವಿಲ್ಲದೆ ಚುಕ್ಕಿ ವೃತ್ತದ ಮೇಲೆ ಒಂಟಿಯಾಗಿ ಕೂತಿರುತ್ತವೆ. ಮೊದಲ ದಿನ ಫಾಂಟ್ ಕೆಟ್ಟಿದೆ ಅಂದುಕೊಂಡಿದ್ದೆ. ಹಾಸನ, ಕಳಸ, ಸಕಲೇಶಪುರಗಳದು ಬೇರೆ ಗುಂಪು, ಅವಕ್ಕೆ ‘ದಲ್ಲಿ’, ‘ಕ್ಕೆ’, ‘ದಿಂದ’.

ಒಂದು ಮಿತಿ ಇದೆ. ಹನ್‌ಸ್ಪೆಲ್ ಪದದ ತುದಿಯಲ್ಲಿ ಎರಡೇ ಪದರ ಪ್ರತ್ಯಯ ಬಿಡಿಸಬಲ್ಲದು. ‘ತೋಟಗಳಲ್ಲಿಯೂ’ ಎಂದರೆ ಬಹುವಚನ, ವಿಭಕ್ತಿ, ಮೇಲೆ ‘ಊ’, ಒಟ್ಟು ಮೂರು. ‘ಗಳಲ್ಲಿ’ಯನ್ನು ಒಂದೇ ಪ್ರತ್ಯಯವಾಗಿ ಬರೆದು ‘ಊ’ವನ್ನು ಎರಡನೆಯದಾಗಿ ಇಟ್ಟು ದಾಟಿಕೊಂಡೆ. ಇದಕ್ಕೆ ತಾಳ್ಮೆ ಬೇಕು. ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಎರಡು ಅಕ್ಷರ ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಜೋಡಣೆ ನಿರೋಧಕ ಅಕ್ಷರದ ಕಾಟವೂ ಇತ್ತು. ಹಳೆಯ ಆಸ್ಕಿ ಫಾಂಟ್‌ನಿಂದ ಯುನಿಕೋಡ್‌ಗೆ ತಿರುಗಿಸಿದ ಪಠ್ಯದಲ್ಲಿ ಅರ್ಧಾಕ್ಷರದಿಂದ ಮುಗಿಯುವ ಪದಗಳ ತುದಿಯಲ್ಲಿ ಅದು ಸುಮ್ಮನೆ ಅಂಟಿಕೊಂಡಿರುತ್ತದೆ. ಪದ ಸರಿಯಾಗಿಯೇ ಕಾಣುತ್ತದೆ, ಆದರೂ ಕೆಂಪು ಗೆರೆ. ಎಎಫ್‌ಎಫ್ ಕಡತದಲ್ಲಿ ‘ಇಗ್ನೋರ್’ ಎಂಬ ಸಾಲಿನಲ್ಲಿ ಆ ಅಕ್ಷರ ಹಾಕಿದೆ, ಗೆರೆ ಹೋಯಿತು. ಇದರಿಂದ ‘ಪಾರ್ಚ್‌ಮೆಂಟ್’ ಬದಲು ‘ಪಾರ್ಚ್ಮೆಂಟ್’ ಎಂದು ಒತ್ತಾಗಿ ಬಿದ್ದರೂ ಈಗ ತಪ್ಪು ತೋರಿಸುವುದಿಲ್ಲ. ಆ ಬೆಲೆ ಕೊಡಲು ನಾನು ಸಿದ್ಧ.

ಇನ್ನು ಕಳೆದ ಆ ಒಂದು ಅಂಕ. ‘ಸೇರಿಸು’ ಒತ್ತಿದ ಹೊಸ ಪದಗಳು ಇವತ್ತಿಗೂ ಆಯಾ ತಂತ್ರಾಂಶದ ಖಾಸಗಿ ಪಟ್ಟಿಗೇ ಹೋಗುತ್ತವೆ. ಪ್ರತಿ ಭಾನುವಾರ ಬೆಳಗ್ಗೆ ಒಂದು ಸಣ್ಣ ಸ್ಕ್ರಿಪ್ಟ್ ಓಡಿಸಿ ನಾಲ್ಕೂ ಪಟ್ಟಿ ಒಟ್ಟು ಮಾಡಿ, ಪುನರಾವರ್ತನೆ ತೆಗೆದು, ಕಣ್ಣಾಡಿಸಿ, ಯಾವ ಪ್ರತ್ಯಯದ ನಿಯಮ ಹೊಂದುತ್ತದೆ ಎಂಬ ಗುರುತು ಹಾಕಿ ಡಿಐಸಿಗೆ ಸೇರಿಸುತ್ತೇನೆ. ಆಗ ಫೈರ್‌ಫಾಕ್ಸ್, ಥಂಡರ್‌ಬರ್ಡ್ ಮುಚ್ಚಿರಬೇಕು. ತೆರೆದಿದ್ದರೆ ತಮ್ಮ ನೆನಪಿನಲ್ಲಿದ್ದ ಹಳೆಯ ಪಟ್ಟಿಯನ್ನು ಮತ್ತೆ ಮೇಲೆ ಬರೆದುಬಿಡುತ್ತವೆ. ಪದಕೋಶದ ಪ್ಯಾಕೇಜ್ ಅಪ್‌ಡೇಟ್ ಆದಾಗ ನನ್ನ ಕಡತಗಳ ಜಾಗದಲ್ಲಿ ಅದರ ಕಡತ ಬಂದು ಕೂರುತ್ತದೆ. ಹಾಗಾಗಿ ಮೂಲ ಪ್ರತಿ ಹೋಮ್ ಫೋಲ್ಡರ್‌ನಲ್ಲಿಟ್ಟು ಅಲ್ಲಿಂದ ಕೊಂಡಿ ಹಾಕಿದ್ದೇನೆ, ಅಪ್‌ಡೇಟ್ ಆದ ದಿನ ಕೊಂಡಿ ಮತ್ತೆ ಹಾಕುತ್ತೇನೆ. ತಂತ್ರಾಂಶವನ್ನು ವ್ಯವಸ್ಥೆಯಿಂದ ಬೇರೆಯಾಗಿಟ್ಟು ಓಡಿಸುವ ಫ್ಲಾಟ್‌ಪ್ಯಾಕ್‌ನಲ್ಲಿ ಹಾಕಿದ ತಂತ್ರಾಂಶಕ್ಕೆ ಈ ಫೋಲ್ಡರ್ ಕಾಣುವುದೇ ಇಲ್ಲ. ಕ್ರೋಮಿಯಂ ಬ್ರೌಸರ್ ತನ್ನದೇ ಬೇರೆ ಮಾದರಿಯ ಕಡತ ಬಳಸುತ್ತದೆ, ಅದನ್ನು ನಾನು ಈ ಕೂಟಕ್ಕೆ ಸೇರಿಸಿಲ್ಲ.

ಆ ಕಣ್ಣಾಡಿಸುವ ಕೆಲಸವನ್ನು ಒಂದು ಭಾನುವಾರ ಬಿಟ್ಟೆ. ಆ ವಾರ ನಮ್ಮಲ್ಲಿ ಟೈಪ್ ಮಾಡುವ ಹುಡುಗಿ ಗಡಿಬಿಡಿಯಲ್ಲಿ ‘ಆಶಿರ್ವಾದ’ ಎಂಬುದಕ್ಕೆ ‘ಸೇರಿಸು’ ಒತ್ತಿದ್ದಳು. ಪದ ಎರಡೂ ಕಂಪ್ಯೂಟರ್‌ಗೆ ಹರಡಿತು. ಮುಂದಿನ ಲಗ್ನಪತ್ರಿಕೆ ಐನೂರು ಪ್ರತಿ ಅಚ್ಚಾಗಿ ಬಂದ ಮೇಲೆ ಹುಡುಗನ ಸೋದರಮಾವ ಬೆರಳಿಟ್ಟು ತೋರಿಸಿದರು. ‘ಅಣ್ಣಾ, ಕೆಂಪು ಗೆರೆ ಬರಲೇ ಇಲ್ವಲ್ಲ, ಸರಿ ಇರುತ್ತೆ ಅಂದ್ಕೊಂಡೆ’ ಅಂದಳು. ಅವಳದೇನೂ ತಪ್ಪಿಲ್ಲ, ನೋಡಬೇಕಿದ್ದವನು ನಾನು. ನನ್ನ ಖರ್ಚಲ್ಲೇ ಮತ್ತೆ ಅಚ್ಚು ಹಾಕಿಸಿದೆ. ಪದಕೋಶ ಹಂಚಿಕೊಂಡರೆ ತಪ್ಪೂ ಅಷ್ಟೇ ಸಲೀಸಾಗಿ ಹಂಚಿಕೆಯಾಗುತ್ತದೆ.

ಇದಕ್ಕೂ ಹನ್‌ಸ್ಪೆಲ್‌ನಲ್ಲೇ ಮದ್ದಿದೆ. ಪದಕ್ಕೆ ‘ನಿಷಿದ್ಧ’ ಗುರುತು ಹಾಕಬಹುದು. ಆದರೆ ಫೈರ್‌ಫಾಕ್ಸ್‌ನ ಖಾಸಗಿ ಪಟ್ಟಿಯಲ್ಲಿ ಆ ಪದ ಉಳಿದಿದ್ದರೆ ಅಲ್ಲಿ ಅದರ ಮಾತೇ ನಡೆಯುತ್ತದೆ, ಅಲ್ಲಿಂದಲೂ ಅಳಿಸಬೇಕು. ‘ಶಿ ಬದಲು ಶೀ’ ಎಂದು ಬದಲಿ ಪಟ್ಟಿಯಲ್ಲಿ ಒಂದು ಸಾಲು ಬರೆದೆ. ಈಗ ಆ ತಪ್ಪು ಹೊಡೆದರೆ ಸಲಹೆಯಲ್ಲಿ ಮೊದಲು ಬರುವುದು ‘ಆಶೀರ್ವಾದ’ವೇ.

‘ಹಾಸನ’ ಬದಲು ‘ಆಸನ’ ಎಂದು ಬಿದ್ದರೆ ಮಾತ್ರ ಯಾವ ಪದಕೋಶವೂ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ. ‘ಆಸನ ಜಿಲ್ಲೆ’ಗಾಗಿ ಕೊನೆಯ ಪ್ರೂಫ್ ಇನ್ನೂ ಕಾಗದದ ಮೇಲೇ ನೋಡುತ್ತೇನೆ.

ಹೋದ ವರ್ಷ ಚಿಕ್ಕಮಗಳೂರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯರಿಗೆ ಎರಡೂ ಕಡತ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆ. ಮೂರು ತಿಂಗಳ ಮೇಲೆ ಅವರು ವಾಪಸ್ ಕಳಿಸಿದ ಕಡತದಲ್ಲಿ ಕಾಫಿ ತೋಟದ ಪದಗಳೆಲ್ಲ ಸೇರಿದ್ದವು: ಪಲ್ಪರ್, ಪಾರ್ಚ್‌ಮೆಂಟ್, ರೊಬಸ್ಟಾ, ಚಂದ್ರಗಿರಿ. ಬರೀ ಪಠ್ಯವಾದ್ದರಿಂದ ಹತ್ತು ನಿಮಿಷದಲ್ಲಿ ಎರಡೂ ಕೂಡಿಕೊಂಡವು. ‘ಬಾಳೆಹೊನ್ನೂರು’ ಮಾತ್ರ ಎರಡು ಸಲ ಬಂತು. ಅವರದು ಬರೀ ಪದ, ನನ್ನದು ಓರೆಗೆರೆಯ ಮುಂದೆ ಪ್ರತ್ಯಯದ ಗುರುತಿದ್ದದ್ದು. ಅವರದನ್ನು ಅಳಿಸಿ, ಅದೇ ಗುರುತನ್ನು ಅವರು ಸೇರಿಸಿದ್ದ ಬೇರೆ ಊರುಗಳಿಗೂ ಹಾಕಿ ಕಳಿಸಿದೆ.